ಮುದುಕಿ ಯಾರಿಗಾಗಿ ಬಗ್ಗಿದಳು

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ವಾಡಿಯ ಶಾಲೆಯಲ್ಲಿ ವಿಜ್ಞಾನ ಕಲಿಸಿದವಳು ನಾನು. ಕುಂಚಾವರಂ ಅಡವಿಯಲ್ಲಿ ಅಂಗೈ ಮೇಲೆ ಬೆಂಕಿ ಇಟ್ಟುಕೊಂಡು ಹೋಗುವ ಹೆಂಗಸನ್ನು ಕಂಡೆ ಎಂದು ನಮ್ಮ ಶಾಲೆಯ ಜವಾನ ಹೇಳಿದಾಗ, ಆ ದಿನ ಎಷ್ಟು ಸೇಂದಿ ಕುಡಿದಿದ್ದೆ ಎಂದು ಎಲ್ಲರೆದುರಿಗೆ ಕೇಳಿ ಅವನ ಮುಖ ಸಣ್ಣದು ಮಾಡಿದ್ದೆ. ಆದ್ದರಿಂದ ನಾನು ಈಗ ಬರೆಯುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಬೇರೆ ಯಾರಾದರೂ ಬರೆದಿದ್ದರೆ ನಾನೂ ನಗುತ್ತಿದ್ದೆ.

ಮೊದಲು ನಮ್ಮ ಮನೆಯ ಸಂಗತಿ ಹೇಳಬೇಕು. ನನ್ನ ಗಂಡ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್ ಆಗಿದ್ದರು. ನಮಗೆ ಒಬ್ಬಳೇ ಮಗಳು, ನೀಲಾ. ಅವಳಿಗೆ ಐದು ತುಂಬಿದ ವರ್ಷ ಮಳೆಗಾಲದಲ್ಲಿ ಅವಳಿಗೂ ನನಗೂ ಒಟ್ಟಿಗೇ ಜ್ವರ ಬಂತು. ನನ್ನನ್ನು ಗುಲಬರ್ಗಾದ ಆಸ್ಪತ್ರೆಗೆ ಸೇರಿಸಿದರು. ನಾನು ಅಲ್ಲಿ ಎಚ್ಚರವಿಲ್ಲದೆ ಮಲಗಿದ್ದಾಗ ಅವಳು ಹೋಗಿಬಿಟ್ಟಳು. ಸೇಡಂ ತಾಲೂಕಿನ ಆಡಕಿ ಹತ್ತಿರ ನಮ್ಮವರ ಹೊಲವಿದೆ. ಅಲ್ಲಿಗೆ ಒಯ್ದು ಮಣ್ಣು ಮಾಡಿದರು. ನಾನು ಎದ್ದು ಓಡಾಡುವಂತಾಗಿ ಅಲ್ಲಿಗೆ ಹೋಗುವಷ್ಟರಲ್ಲಿ ಹೊಲ ಹರಗಿ ಜೋಳ ಬಿತ್ತಿದ್ದರು. ಎಲ್ಲಿ ಎಂದು ಕೇಳಿದೆ. ಒಬ್ಬರೂ ಕೈಮಾಡಿ ತೋರಿಸಲಿಲ್ಲ.

ನಮ್ಮ ಕಡೆ ಹೆಂಗಸರು ಸತ್ತವರ ಹೆಸರು ಹಿಡಿದು, ಅವರ ಗುಣ ಹೇಳಿ, ಹಾಡಿಕೊಂಡು ಅಳುತ್ತಾರೆ. ಹಾಗೆ ಅತ್ತರೆ ಜೀವ ಸ್ವಲ್ಪ ಹಗುರಾಗುತ್ತದೆ. ನನಗೆ ಅದಕ್ಕೂ ಅತ್ತೆ ಬಿಡಲಿಲ್ಲ.

"ಹೆಸರು ತಗೀಬ್ಯಾಡ ಯವ್ವಾ. ಸಣ್ಣ ಕೂಸು, ಕರದ್ರ ಬೆನ್ನ ಹತ್ತಿ ಬರ್ತದ. ಆಕಿಗೂ ಹಾದಿ ಸಿಗಂಗಿಲ್ಲ, ನಿನಗೂ ಇನ್ನೊಂದು ಆಗಂಗಿಲ್ಲ" ಎಂದರು.

ಇನ್ನೊಂದು ಆಗಲೂ ಇಲ್ಲ. ಮಗುವಿನ ಅಂಗಿ, ಆಟದ ಸಾಮಾನು ಎಲ್ಲವನ್ನೂ ಯಾರಿಗೋ ಕೊಟ್ಟರು. ಇದ್ದೊಂದು ಫೋಟೊ ಎಲ್ಲಿ ಹೋಯಿತೋ ಗೊತ್ತಿಲ್ಲ. ಬಿ.ಎಸ್ಸಿ. ಓದಿದ ನನ್ನ ಗಂಡ ತಾಯಿಯ ಮಾತಿಗೆ ಒಂದು ಸಲವೂ ಎದುರಾಡಲಿಲ್ಲ. ಆಮೇಲೆ ನಮ್ಮಿಬ್ಬರ ನಡುವೆ ಊಟ ಆಯ್ತೇನು, ನಳ ಬಂತೇನು ಎನ್ನುವಷ್ಟೇ ಮಾತು ಉಳಿಯಿತು. ಇವತ್ತು ಇಲ್ಲಿ ನೀಲಾ ಎಂದು ಬರೆದದ್ದಕ್ಕೆ ನಮ್ಮವರಿಗೆ ಸಿಟ್ಟು ಬಂದರೆ ಬರಲಿ.

ಹೀಗೇ ಕೆಲವು ವರ್ಷ ಕಳೆದವು. ನನ್ನ ಮೈದುನ ನ್ಯೂಜಿಲೆಂಡಿನಲ್ಲಿ, ರೋಟೊರುವಾ ಎಂಬ ಊರಿನ ಹತ್ತಿರ ಕಾಗದದ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದ. ಎಂಬತ್ತರ ದಶಕದ ಮೊದಲಲ್ಲಿ ಅವನೇ ಹಟ ಹಿಡಿದು ನಮ್ಮಿಬ್ಬರನ್ನೂ ಕರೆಸಿಕೊಂಡ. ಅತ್ತಿಗೆಯ ಮನಸ್ಸು ಸ್ವಲ್ಪ ಬದಲಾಗಲಿ ಎಂದನಂತೆ. ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋದೆವು. ಅಲ್ಲಿನ ವಿಮಾನ ನಿಲ್ದಾಣದವರು ರೊಟ್ಟಿ ಬಿಟ್ಟರು, ಹಿಂಡಿಯನ್ನು ಮೂಸಿ ನೋಡಿ ಕಸಿದುಕೊಂಡರು.

ಆ ಸೀಮೆಯೇ ವಿಚಿತ್ರ. ಊರಿಗೆಲ್ಲ ಗಂಧಕದ ವಾಸನೆ. ರಸ್ತೆ ಬದಿಯ ಗಟಾರದಿಂದ ಉಗಿ ಏಳುತ್ತದೆ. ಬಂಡೆಯ ಸಂದಿಯಿಂದ ಕುದಿಯುವ ನೀರು ಮರದೆತ್ತರ ಚಿಮ್ಮುತ್ತದೆ. ಒಂದು ಕಡೆ ಬೂದು ಬಣ್ಣದ ಕೆಸರು ಗುಳುಗುಳು ಎಂದು ಕುದಿಯುತ್ತಿತ್ತು. ನನ್ನ ಗಂಡ ಅದನ್ನೇ ದಿಟ್ಟಿಸಿ ನೋಡಿ, ನಮ್ಮ ಕಾರ್ಖಾನೆಯ ಸುಣ್ಣಗಲ್ಲಿನ ರಾಡಿಯೂ ಹೀಗೇ ಇರುತ್ತದೆ, ಇದನ್ನು ನೋಡಲು ಇಷ್ಟು ದೂರ ಬರಬೇಕಿತ್ತೇ ಎಂದರು. ನನಗೆ ನಗು ಬಂತು. ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಮರುದಿನ ಇನ್ನೊಂದು ಜಾಗ ತೋರಿಸಿದರು. ಹಿಂದೆ ಬೆಟ್ಟ ಸಿಡಿದು ಒಂದು ಊರಿಗೆ ಊರೇ ಬೂದಿಯಲ್ಲಿ ಹೂತುಹೋಗಿತ್ತಂತೆ. ಆ ಮನೆಗಳನ್ನು ಅಗೆದು ತೆಗೆದು, ಇದು ಯಾರ ಮನೆ, ಇಲ್ಲಿ ಯಾರು ಸತ್ತರು ಎಂದು ಬರೆದು ಹಲಗೆ ಹಾಕಿದ್ದರು. ನಾನು ಒಂದೊಂದನ್ನೂ ಓದುತ್ತ ನಿಂತೆ. ಗಂಡ ಮಾತ್ರ ಬೇಗ ಬಾ ಎಂದು ಮುಂದೆ ಮುಂದೆ ಹೋದರು.

ಮೈದುನನ ಜೊತೆ ಕೆಲಸ ಮಾಡುವ, ಆ ನಾಡಿನ ಮೂಲನಿವಾಸಿಗಳಾದ ಮಾವೋರಿ ಜನದ ಒಬ್ಬಾತ ನಮ್ಮನ್ನು ತನ್ನ ಕುಲದ ಸಭಾಮನೆಗೆ ಕರೆದಿದ್ದ. ಪ್ರವಾಸಿಗಳಿಗೆ ಕುಣಿದು ತೋರಿಸುವ ಜಾಗವಲ್ಲ ಅದು, ಅವರದೇ ಮನೆ. ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಚಿತ್ತಾಪುರದವಳು. ಅಲ್ಲಿನ ರೀತಿ ರಿವಾಜು ಅವಳು ಕಾರಿನಲ್ಲೇ ನನಗೆ ತಿಳಿಸಿದಳು. ಬಾಗಿಲಲ್ಲಿ ಒಬ್ಬ ಹಿರಿಯ ಹೆಂಗಸು ನಿಂತು ದನಿ ಎತ್ತಿ ಕರೆಯುತ್ತಾಳೆ, ಬಂದವರನ್ನಷ್ಟೇ ಅಲ್ಲ, ಬಂದವರ ಸತ್ತವರನ್ನೂ ಕರೆಯುತ್ತಾಳೆ ಎಂದಳು.

"ಸತ್ತವರನ್ನ ಮನ್ಯಾಗ ಬಿಟ್ಟು ಬರಂಗಿಲ್ಲಂತ ಅಕ್ಕಾ, ಜೋಡಿ ಕರಕೊಂಡು ಬರತಾರಂತ. ಎರಡೂ ಕಡೀ ಮಂದಿ ಕೂಡಿ ಅಳತಾರ."

ನಾನು ಮನಸ್ಸಿನಲ್ಲೇ, ಎಲ್ಲ ದೇಶದಲ್ಲೂ ಒಂದೇ ಹುಚ್ಚು ಎಂದುಕೊಂಡೆ.

ಒಳ್ಳೆ ಬಿಸಿಲಿತ್ತು. ಹುಲ್ಲಿನ ಅಂಗಳ ದಾಟಿ ನಿಧಾನವಾಗಿ ನಡೆದೆವು. ಜಗಲಿಯ ಮೇಲೆ ಕಪ್ಪು ಸೀರೆಯಂಥ ಉದ್ದ ಬಟ್ಟೆ ತೊಟ್ಟು, ತಲೆಗೆ ಎಲೆಯ ಸಿಂಬೆ ಕಟ್ಟಿದ್ದ ಮುದುಕಿ ಕರೆಯತೊಡಗಿದಳು. ಒಂದು ಶಬ್ದವೂ ತಿಳಿಯಲಿಲ್ಲ. ಆದರೆ ಆ ಎಳೆತ, ಆ ದನಿ ಒಡೆಯುವ ರೀತಿ ಹಾಡಿಕೊಂಡು ಅಳುವ ಸೇಡಂ ಕಡೆಯ ಹೆಂಗಸರದ್ದೇ. ನನ್ನ ಕಾಲು ನಿಂತುಬಿಟ್ಟವು. ನೆಗೆಣ್ಣಿ ತೋಳು ಹಿಡಿದು ನಡೆಸಿದಳು.

ಆಮೇಲೆ ಅವರು ಸಾಲಾಗಿ ನಿಂತರು. ನಾವು ಒಬ್ಬೊಬ್ಬರಾಗಿ ಮುಂದೆ ಹೋಗಿ ಕೈ ಹಿಡಿದು, ಹಣೆಗೆ ಹಣೆ, ಮೂಗಿಗೆ ಮೂಗು ತಾಗಿಸಿ ನಿಲ್ಲಬೇಕು. ಇಬ್ಬರೂ ಒಂದೇ ಉಸಿರು ಹಂಚಿಕೊಂಡಂತೆ ಎಂದು ಅದರ ಅರ್ಥವಂತೆ. ಮೊದಲು ಮೈದುನ, ನೆಗೆಣ್ಣಿ, ಆಮೇಲೆ ನಾನು, ನನ್ನ ಹಿಂದೆ ನನ್ನ ಗಂಡ. ಸಾಲಿನ ಮೊದಲಲ್ಲೇ ಆ ಮುದುಕಿ ಇದ್ದಳು. ನನ್ನ ಹಣೆಗೆ ಹಣೆ ಒತ್ತಿ ಕಣ್ಣು ಮುಚ್ಚಿದಳು, ಬಿಟ್ಟಳು. ನನ್ನ ಗಂಡ ಮುಂದೆ ಹೆಜ್ಜೆ ಇಟ್ಟರು. ಮುದುಕಿ ಅಂಗೈ ತೋರಿಸಿ ಅವರನ್ನು ತಡೆದಳು. ತಡೆದು, ನನ್ನ ಎಡಬದಿಗೆ, ನನ್ನ ಸೊಂಟದ ಮಟ್ಟಕ್ಕೆ ಬಗ್ಗಿದಳು. ಎರಡೂ ಕೈ ಮುಂದೆ ಚಾಚಿ, ಕಣ್ಣು ಮುಚ್ಚಿ, ಬರೀ ಗಾಳಿಗೆ ಹಣೆಯನ್ನೂ ಮೂಗನ್ನೂ ಕೊಟ್ಟು, ನನ್ನ ಹತ್ತಿರ ಎಷ್ಟು ಹೊತ್ತು ನಿಂತಿದ್ದಳೋ ಅಷ್ಟೇ ಹೊತ್ತು ನಿಂತಳು. ಆಮೇಲೆ ನೆಟ್ಟಗಾಗಿ ನನ್ನ ಗಂಡನಿಗೆ ಕೈ ಕೊಟ್ಟಳು.

ಊಟಕ್ಕೆ ಕುಳಿತೆವು. ನೆಲದ ಉಗಿಯಲ್ಲಿ ಬೇಯಿಸಿದ ಮಾಂಸ ಎಲ್ಲರಿಗೂ, ನಮಗೆ ಬರೀ ಗೆಣಸು. ನಾನು ಅದನ್ನೂ ತಟ್ಟೆಯಲ್ಲೇ ಬಿಟ್ಟು ಎದ್ದೆ. ನೀವು ಮುದುಕಿಗೆ ಏನಾದರೂ ಹೇಳಿದ್ದಿರೇನು ಎಂದು ನೆಗೆಣ್ಣಿಯನ್ನೂ ಮೈದುನನನ್ನೂ ಬೇರೆ ಬೇರೆ ಕರೆದು ಕೇಳಿದೆ. ಇಬ್ಬರೂ ಇಲ್ಲ ಎಂದು ಆಣೆ ಮಾಡಿದರು. ಒಂದು ಮಾತು ನನ್ನನ್ನು ಕೊರೆಯುತ್ತಿತ್ತು. ನೀಲಾ ಬದುಕಿದ್ದರೆ ಅಷ್ಟರಲ್ಲಿ ನನ್ನ ಭುಜಕ್ಕೆ ಬರುತ್ತಿದ್ದಳು. ಮುದುಕಿ ಬಗ್ಗಿದ್ದು ಐದು ವರ್ಷದವಳ ಎತ್ತರಕ್ಕೆ.

ಹೊರಡುವಾಗ ಆಕೆಯೇ ನಮ್ಮ ಹತ್ತಿರ ಬಂದಳು. ನಿಧಾನವಾಗಿ ಇಂಗ್ಲಿಷಿನಲ್ಲಿ, ಈ ಪುಟ್ಟ ಹುಡುಗಿಯ ಹೆಸರೇನು ಎಂದು ಕೇಳಿದಳು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಗಂಡ ಗಡಬಡಿಸಿ, ನಮ್ಮ ಜೊತೆ ಯಾವ ಮಗುವೂ ಇಲ್ಲ, ನಾವಿಬ್ಬರೇ ಬಂದಿದ್ದೇವೆ ಎಂದರು. ಮುದುಕಿ ಅವರ ಮುಖವನ್ನೇ ನೋಡಿದಳು. ನಾನು ಆಗಲೂ ಹೇಳಬೇಕೆಂದುಕೊಂಡೆ. ಇಷ್ಟು ವರ್ಷ ಒಳಗೇ ಅದುಮಿಟ್ಟ ಹೆಸರು ಬೇಕೆಂದಾಗ ಹೊರಗೆ ಬರಲಿಲ್ಲ.

ಬೀಳ್ಕೊಡುವಾಗ ಮತ್ತೆ ಮೂಗಿಗೆ ಮೂಗು ತಾಗಿಸಿದಳು. ನನ್ನದಾದ ಕೂಡಲೇ ನನ್ನ ಗಂಡನದು. ನಡುವೆ ಬಗ್ಗಲಿಲ್ಲ. ಬಗ್ಗುತ್ತಾಳೆಂದು ನಾನು ಕಾಯುತ್ತ ನಿಂತೇ ಇದ್ದೆ. ಕಾರು ತಿರುಗುವಾಗ ನೋಡಿದೆ. ಮುದುಕಿ ಜಗಲಿಯ ಮೇಲೆ ನಿಂತು ಒಂದು ಕೈ ಬೀಸುತ್ತಿದ್ದಳು. ಇನ್ನೊಂದು ಕೈ ಪಕ್ಕಕ್ಕೆ ಇಳಿದಿತ್ತು, ಏನನ್ನೋ ಹಿಡಿದ ಹಾಗೆ ಬೆರಳು ಮಡಚಿದ್ದವು.

ವಾಡಿಗೆ ಬಂದ ಮೇಲೆ ಒಂದು ದಿನ ತಡೆಯಲಾರದೆ ಗಂಡನನ್ನು ಕೇಳಿದೆ. ಮುದುಕಿಗೆ ಸೊಂಟನೋವು ಇದ್ದಿರಬೇಕು, ಅದಕ್ಕೇ ಬಗ್ಗಿದಳು ಎಂದರು. ಹಾಗಾದರೆ ಹೆಸರು ಕೇಳಿದ್ದಕ್ಕೆ ನೀವು ಅಷ್ಟೇಕೆ ಗಾಬರಿಯಾದಿರಿ ಎಂದೆ.

"ಅವ್ವ ಹೇಳಿಲ್ಲೇನು, ಹೆಸರು ತಗೀಬಾರದಂತ" ಎಂದರು. "ಬೆನ್ನ ಹತ್ತಿ ಬಂದ್ರ ಏನು ಮಾಡ್ತಿದ್ದಿ?"

ಅಂದರೆ ಮುದುಕಿ ಯಾರಿಗಾಗಿ ಬಗ್ಗಿದಳೆಂದು ಅವರಿಗೂ ಗೊತ್ತಿತ್ತು. ಗೊತ್ತಿದ್ದೂ ಇಲ್ಲ ಎಂದಿದ್ದರು. ಇದನ್ನು ನಾನು ಇಂದಿಗೂ ಕ್ಷಮಿಸಿಲ್ಲ, ಕ್ಷಮಿಸುವ ಮನಸ್ಸೂ ಇಲ್ಲ.

ಸತ್ತ ಮಗು ಎಲ್ಲಿಗೂ ಹೋಗುವುದಿಲ್ಲ, ಎಲ್ಲಿಂದಲೂ ಬರುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತು. ದೆವ್ವ ಇದೆಯೇ ಎಂದು ಯಾರಾದರೂ ಕೇಳಿದರೆ ಈಗಲೂ ಇಲ್ಲವೆಂದೇ ಹೇಳುತ್ತೇನೆ. ಆದರೆ ಆ ಪ್ರವಾಸಕ್ಕೆ ಮೊದಲು ನೀಲಾ ಆಗೊಮ್ಮೆ ಈಗೊಮ್ಮೆ ನನ್ನ ಕನಸಿಗೆ ಬರುತ್ತಿದ್ದಳು, ಜಡೆ ಹಾಕು ಎಂದು ಬೆನ್ನು ತಿರುಗಿಸಿ ಕುಳಿತುಕೊಳ್ಳುತ್ತಿದ್ದಳು. ಅಲ್ಲಿಂದ ಬಂದ ಮೇಲೆ ಒಂದು ಸಲವೂ ಬಂದಿಲ್ಲ. ಹೆತ್ತ ಅಪ್ಪನೇ ಇಲ್ಲ ಎಂದ ಮೇಲೆ, ಅವಳು ಯಾರ ಕೈ ಹಿಡಿದು ವಾಪಸು ಬರಬೇಕಿತ್ತು?