ಎದುರುಮನೆಯಲ್ಲಿಟ್ಟ ನೀಲಿ ಚೀಲ

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ಮುಖಕ್ಕೆ ಹೊಡೆದಂತೆ ‘ಸುಳ್ಳು’ ಎನ್ನುತ್ತಿದ್ದವಳು ನಾನು. ಈಗ ನೀವು ನನಗೆ ಹಾಗೆಂದರೂ ಬೇಸರವಿಲ್ಲ. ಆದರೆ ರಜೆಗೆ ಹೊರಡುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಹತ್ತಿರದ ಊರಿರಲಿ, ದೂರದ್ದಿರಲಿ, ಔಷಧಿಯ ಚೀಲ ನಿಮ್ಮ ಹೆಗಲಿನಿಂದ ಇಳಿಯಬಾರದು. ಯಾರು ಹೇಳಿದರೂ ಸರಿ, ಯಾವ ಶಾಸ್ತ್ರ ಹೇಳಿದರೂ ಸರಿ.

ಕೆಲವು ವರ್ಷಗಳ ಹಿಂದಿನ ಮೇ ತಿಂಗಳು. ಗಿಂಡಿ ಬಡಾವಣೆಯ ನಮ್ಮ ಫ್ಲಾಟಿನಿಂದ ನಾನು, ಗಂಡ, ಅತ್ತೆ, ಎಂಟು ವರ್ಷದ ಮಗಳು ಕೊಡೈಕೆನಾಲಿಗೆ ಹೊರಟಿದ್ದೆವು. ಎಗ್ಮೋರ್ ನಿಲ್ದಾಣದಿಂದ ಮಧ್ಯಾಹ್ನದ ರೈಲು. ಅಂದು ಶುಕ್ರವಾರ, ಮನೆ ಬಿಡಬೇಕಾದ ಹನ್ನೊಂದು ಗಂಟೆ ಸರಿಯಾಗಿ ರಾಹುಕಾಲದಲ್ಲಿ ಬಿದ್ದಿತ್ತು. ಇದಕ್ಕೆ ಅತ್ತೆಯ ಬಳಿ ಪರಿಹಾರ ಯಾವಾಗಲೂ ಸಿದ್ಧ. ಒಳ್ಳೆಯ ಹೊತ್ತಿನಲ್ಲಿ ಒಂದು ಚೀಲವನ್ನು ಬೇರೆಯವರ ಮನೆಯಲ್ಲಿಟ್ಟರೆ ಪ್ರಯಾಣ ಆಗಲೇ ಶುರುವಾದಂತೆ. ಆಮೇಲೆ ಹೋಗುವಾಗ ಅದನ್ನು ಎತ್ತಿಕೊಂಡರಾಯಿತು. ಪ್ರಸ್ಥಾನ ಇಡುವುದು ಎನ್ನುತ್ತಾರೆ ಇದಕ್ಕೆ.

“ಒಂಬತ್ತೂವರೆ ಆಯ್ತು ಕಣೇ. ಸಣ್ಣ ಪೈ ಯಾವುದಾದ್ರೂ ಎದುರುಮನೆ ಮಾಮಿ ಹತ್ರ ಇಟ್ಟು ಬಾ, ಅವ್ವಳವುದಾನ್” ಎಂದರು, ಅಷ್ಟೇ ಸಾಕೆಂದು ತಮಿಳು ಬೆರೆಸಿ. ಸಣ್ಣ ಪೈ ಎಂದರೆ ಮಗಳ ನೀಲಿ ಚೀಲ. ಅವಳ ಉಬ್ಬಸದ ಇನ್ಹೇಲರ್ ಇದ್ದದ್ದು ಅದರಲ್ಲೇ. ಗೊಣಗುತ್ತಲೇ ಇಟ್ಟು ಬಂದೆ.

ಹೊರಡುವಾಗ ಬೀಗ ಹಾಕುತ್ತ, ರೈಲಿನವರೂ ರಾಹುಕಾಲ ನೋಡಿಯೇ ಗಾಡಿ ಬಿಡುತ್ತಾರಾ ಎಂದು ಅತ್ತೆಯನ್ನು ಚುಚ್ಚಿದೆ. “ಅಮ್ಮ ಹೇಳಿದ್ದು ಕೇಳಿದ್ರೆ ನಿಂಗೇನು ಕಡಿಮೆ ಆಗತ್ತೆ?” ಎಂದರು ಗಂಡ. ಮೈಯೆಲ್ಲ ಉರಿದುಹೋಯಿತು. ಎದುರುಮನೆಯ ಬಾಗಿಲು ದಾಟಿ ದಡದಡ ಹೋಗಿ ಲಿಫ್ಟಿಗೆ ನುಗ್ಗಿದೆ. ಮೆಟ್ರೋದಲ್ಲೂ ಅವರಿಂದ ದೂರ ಹೋಗಿ ನಿಂತೆ.

ರೈಲು ತಾಂಬರಂ ದಾಟಿ, ಚೆಂಗಲ್‌ಪಟ್ಟೂ ಕಳೆದ ಮೇಲೆ ಮಗಳಿಗೆ ಉಬ್ಬಸ ಹತ್ತಿತು. “ಅಮ್ಮಾ, ಮೂಚ್ಚು ಮುಟ್ಟುದು” ಎಂದು, ಉಸಿರು ಸಿಕ್ಕದೆ, ನನ್ನ ದುಪಟ್ಟಾ ಹಿಡಿದಳು. ಎದೆ ಗೊರಗೊರ ಎನ್ನುತ್ತಿತ್ತು, ತುಟಿ ಬಣ್ಣಗೆಟ್ಟಿತ್ತು. ಚೀಲದ ನೆನಪಾದದ್ದು ಆಗ. ಮುಂದಿನ ನಿಲುಗಡೆ ವಿಲ್ಲುಪುರಂ, ಇನ್ನೂ ಒಂದು ಗಂಟೆಯ ದಾರಿ. ಬೋಗಿಯವರೆಲ್ಲ ತಿರುಗಿ ನೋಡುವಂತೆ ಗಂಡನ ಮೇಲೂ ಅತ್ತೆಯ ಮೇಲೂ ಕೂಗಾಡಿದೆ. ನೀರಿನ ಬಾಟಲಿಗೆಂದು ಗಂಡ ಸೀಟಿನ ಕೆಳಗೆ ಕೈಹಾಕಿದರು. ಕೈಗೆ ಬಂದದ್ದು ಆ ನೀಲಿ ಚೀಲ.

ಮಗಳು ಎರಡು ಸಲ ಇನ್ಹೇಲರ್ ಎಳೆದುಕೊಂಡಳು. ನಿಧಾನವಾಗಿ ಉಸಿರು ತಹಬಂದಿಗೆ ಬಂತು. ಆಮೇಲೆ ಚೀಲ ಯಾರು ತಂದದ್ದೆಂದು ಒಬ್ಬರನ್ನೊಬ್ಬರು ಕೇಳಿದೆವು. ತಂದವರು ಯಾರೂ ಇರಲಿಲ್ಲ.

ಸಂಜೆ ಮಾಮಿಗೆ ಫೋನ್ ಮಾಡಿದೆ. ನಾನು ಕೇಳುವ ಮೊದಲೇ “ಪೈಯ ಮರಂದುಟ್ಟು ಪೋಯಿಟ್ಟಿಯೇಮ್ಮಾ!” ಎಂದು ಚೀಲ ಮರೆತದ್ದಕ್ಕೆ ಬೈದರು. ವಾಟ್ಸಾಪಿನಲ್ಲಿ ಫೋಟೋ ಕೂಡ ಕಳಿಸಿದರು. ಅವರ ದೇವರ ಗೂಡು, ಆಗಷ್ಟೇ ಹಚ್ಚಿದ ದೀಪ, ಪಕ್ಕದಲ್ಲಿ ನೀಲಿ ಚೀಲ. ಅದರ ಹರಿದ ಪಟ್ಟಿಗೆ ನಾನು ಹಳದಿ ದಾರದಲ್ಲಿ ಹಾಕಿದ ಹೊಲಿಗೆ. ಅದೇ ಹೊಲಿಗೆಯ ಚೀಲ ಆಗ ನನ್ನ ತೊಡೆಯ ಮೇಲಿತ್ತು.

ನಾಲ್ಕು ದಿನ ಬಿಟ್ಟು ಮರಳಿದಾಗ ಮಾಮಿಯ ಮನೆಯಲ್ಲಿ ಆ ಚೀಲ ಇರಲಿಲ್ಲ. ಅಂದು ಬೆಳಿಗ್ಗೆ ಪೂಜೆಯ ಹೊತ್ತಿನಲ್ಲೂ ಇತ್ತೆಂದು ಆಕೆ ಆಣೆಯಿಟ್ಟರು. ಫೋಟೋ ಈಗಲೂ ನನ್ನ ಫೋನಿನಲ್ಲಿದೆ.

ಪ್ರಸ್ಥಾನ ಇಟ್ಟದ್ದಕ್ಕೇ ಮಗು ಉಳಿಯಿತೆಂದು ಅತ್ತೆ ನೆಂಟರಿಗೆಲ್ಲ ಹೇಳಿಕೊಂಡು ಬರುತ್ತಾರೆ. ಕೇಳಿದಾಗಲೆಲ್ಲ ಹಲ್ಲು ಕಚ್ಚಿಕೊಳ್ಳುತ್ತೇನೆ. ಗಂಡನ ಸಮಾಧಾನವಂತೂ ಇನ್ನೂ ರೇಗಿಸುತ್ತದೆ: “ನೀನೇ ತಂದಿರ್ತೀಯ ಬಿಡು, ತಾಯಿ ಅಲ್ವಾ.” ನಾನು ತರಲಿಲ್ಲ. ಮಾಮಿಯ ಬಾಗಿಲು ದಾಟುವಾಗ ನನಗೆ ಮಗಳ ನೆನಪೇ ಇರಲಿಲ್ಲ. ಗಂಡನಿಗೆ ಏನು ತಿರುಗಿಸಿ ಹೇಳಬೇಕೆಂದು ಯೋಚಿಸುತ್ತಿದ್ದೆ. ಚೀಲ ರೈಲಿಗೆ ಹೇಗೆ ಬಂತೋ ನನಗೆ ಗೊತ್ತಿಲ್ಲ. ನಾನು ತರಲಿಲ್ಲ ಎಂಬುದು ಮಾತ್ರ ಚೆನ್ನಾಗಿ ಗೊತ್ತು.