ಗಂಜಿಯ ಮೇಲಿನ ಅನುಮಾನ

ಎರಡನೆಯ ಕೀಮೋ ಮುಗಿಸಿಕೊಂಡು ಛತ್ರಪತಿ ಸಂಭಾಜಿನಗರದಿಂದ ನಾಸಿಕ್‌ಗೆ ಮರಳಿದ ನಾಲ್ಕನೆಯ ದಿನ ನನಗೆ ಭೇದಿ ಶುರುವಾಯಿತು. ಮೊದಲ ಸಲ ಹೀಗಾಗಿರಲಿಲ್ಲ. ಆಗಿನದಕ್ಕೂ ಈಗಿನದಕ್ಕೂ ಇದ್ದ ವ್ಯತ್ಯಾಸ ಒಂದೇ: ಬೀದರಿನಿಂದ ಅತ್ತೆ ಬಂದು ನಮ್ಮ ಅಡುಗೆಮನೆ ಹಿಡಿದಿದ್ದರು.

ಅವರಿಗೆ ಆಸ್ಪತ್ರೆಯ ಔಷಧಿಯಲ್ಲಿ ನಂಬಿಕೆಯಿರಲಿಲ್ಲ. ಊರಿನಲ್ಲಿ ಯಾರೋ ಕೊಟ್ಟ ಬೇರಿನ ಪುಡಿ ತಂದಿದ್ದರು. ನಾನು ಒಲ್ಲೆನೆಂದ ಮೇಲೆ ಅದನ್ನು ಎತ್ತಿಟ್ಟೆನೆಂದರು. ಆದರೆ ಗಂಜಿಯ ಬಣ್ಣ ದಿನದಿನಕ್ಕೆ ಕಂದುತ್ತಿರುವಂತೆ ನನಗೆ ಕಂಡಿತು. ಬಾಯಿಗೆ ಎಲ್ಲವೂ ತಗಡಿನ ರುಚಿ. ನಾಲಗೆಯಿಂದ ಏನೂ ತಿಳಿಯುವಂತಿರಲಿಲ್ಲ.

“ಅತ್ತೀ, ಇದರಾಗ ಏನ್ ಹಾಕೀರಿ?”

“ಜ್ವಾಳದ ಹಿಟ್ಟು, ಜೀರಿಗಿ, ಉಪ್ಪು. ಮತ್ತೇನ್ ಹಾಕ್ಲಿ?” ಎಂದರು, ನನ್ನ ಮುಖ ನೋಡದೆ.

ಅಷ್ಟು ಸಾಕಾಯಿತು. ಅವರು ಸ್ನಾನಕ್ಕೆ ಹೋದಾಗ ಗಂಜಿಯನ್ನು ಮೋರಿಗೆ ಸುರಿದು ಬಿಸ್ಕತ್ತು ತಿನ್ನತೊಡಗಿದೆ. ಮನೆಯವರಿಗೂ ಹೇಳಲಿಲ್ಲ. ಓಝರಿನ ಕಾರ್ಖಾನೆಯಿಂದ ದಣಿದು ಬಂದವರ ಮುಂದೆ ಅವರ ತಾಯಿಯ ಮೇಲೆ ದೂರು ಹೇಗೆ ಹೇಳುವುದು? ಸದ್ದು ಕೇಳಬಾರದೆಂದು ಪಾಯಿಖಾನೆಯಲ್ಲಿ ನಲ್ಲಿ ಬಿಟ್ಟು ಕೂರುತ್ತಿದ್ದೆ.

ಮೂರನೆಯ ದಿನ ಮಧ್ಯಾಹ್ನ ಬಚ್ಚಲ ಬಾಗಿಲಲ್ಲೇ ಕುಸಿದೆ. ಮೈ ಸುಡುತ್ತಿತ್ತು. ಅತ್ತೆಯೇ ಹೊಲಸು ತೊಳೆದು ಸೀರೆ ಬದಲಿಸಿದರು. ಆಗಲೂ ಅವರು ಕುಡಿಸಿದ ನೀರನ್ನು ನಾನು ಮೂಸಿ ನೋಡಿದೆ.

ನಾಸಿಕ್‌ನಲ್ಲೇ ಒಂದು ಆಸ್ಪತ್ರೆಗೆ ಸೇರಿಸಿ ಸಲಾಯಿನ್ ಹಚ್ಚಿದರು. ಡಾಕ್ಟರಮ್ಮನಿಗೆ ಬೇರಿನ ಪುಡಿಯ ವಿಷಯವನ್ನು ಮರಾಠಿಯಲ್ಲಿ ಹೇಳಿದೆ. ಪಕ್ಕದಲ್ಲಿ ನಿಂತಿದ್ದ ಅತ್ತೆಗೆ ಮರಾಠಿ ಚೆನ್ನಾಗಿ ಬರುತ್ತದೆಂಬುದು ನನಗೆ ಗೊತ್ತೇ ಇತ್ತು.

ರಕ್ತದ ವರದಿ ನೋಡಿ ಡಾಕ್ಟರಮ್ಮ ಹೇಳಿದರು: ಕೀಮೋದ ಔಷಧಿಯೇ ಕರುಳಿನ ಒಳಪದರವನ್ನು ಕೆಡಿಸುತ್ತದೆ, ಬಿಳಿ ರಕ್ತಕಣಗಳೂ ತೀರ ಇಳಿದಿವೆ, ಇನ್ನೊಂದು ದಿನ ಸುಮ್ಮನಿದ್ದಿದ್ದರೆ ಕಷ್ಟವಾಗುತ್ತಿತ್ತು. “ಭೇದಿ ಶುರುವಾದ ದಿನವೇ ಯಾಕೆ ಫೋನ್ ಮಾಡಲಿಲ್ಲ?” ಎಂದೂ ಕೇಳಿದರು.

ಅವರು ಹೋದ ಮೇಲೆ ಅತ್ತೆ ಮಂಚದ ಅಂಚಿಗೆ ಕೂತರು. “ಪುಡಿ ನಾ ಅವತ್ತೇ ಚೆಲ್ಲೀನಿ. ನೀ ಗಂಜಿ ಚೆಲ್ಲೋದೂ ನೋಡೀನಿ. ಹೊಟ್ಟಿಗೆ ಏನರೆ ಬೀಳ್ಲಿ ಅಂತ ಬಿಸ್ಕೀಟ್ ತಂದು ತಂದು ಇಡ್ತಿದ್ದೆ.”

ನಾನು ಗೋಡೆಯ ಕಡೆ ತಿರುಗಿ ಮಲಗಿದೆ.

ಮೂರನೆಯ ಕೀಮೋದಲ್ಲಿ ಔಷಧಿಯ ಪ್ರಮಾಣ ಇಳಿಸಿದರು. ಅತ್ತೆಯೂ ಜೊತೆಗೆ ಬಂದಿದ್ದರು. ಮರಳುವಾಗ ಮನ್ಮಾಡ್ ದಾಟುತ್ತಿದ್ದಂತೆ, ರೈಲಿನ ಡಬ್ಬಿಯ ತುಂಬ ಜನರಿದ್ದರೂ ಅವರು ಕೇಳಿದರು: “ಭೇದಿ ಎಷ್ಟ್ ಸಲ ಆತು?”

“ಎರಡೇ ಸಲ ರೀ.”

ಅವರು ನನ್ನ ಮುಖವನ್ನೇ ನೋಡಿದರು. “ಖರೇ ಹೇಳು” ಎಂದರು.