ಮೇಲಂತಸ್ತಿನ ನಾಯಿ

ಕೊರೊನಾ ಮುಗಿದ ಮರುವರ್ಷ ನಾನು ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ಸರ್ಕಾರಿ ಪಶುವೈದ್ಯನಾಗಿದ್ದೆ. ಬಾಡಿಗೆ ಮನೆಗಳ ನಾಯಿ ಜಗಳ ನನ್ನ ಬಾಗಿಲಿಗೇ ಬರುತ್ತಿತ್ತು. ನಾಯಿ ಕೆಟ್ಟದ್ದು ಎಂದು ಮಾಲೀಕರಿಗೆ ಸರ್ಟಿಫಿಕೇಟು ಬೇಕು, ಸಾಧು ಎಂದು ಬಾಡಿಗೆದಾರರಿಗೆ ಬೇಕು. ಎತ್ತು ಏರಿಗೆ, ಕೋಣ ನೀರಿಗೆ. ಇಬ್ಬರನ್ನೂ ಬೈದು ಕಳಿಸುತ್ತಿದ್ದೆ.

ಶಿವಪ್ಪನ ಮನೆಯ ಮೇಲಂತಸ್ತಿನಲ್ಲಿ ಮುದ್ದೇಬಿಹಾಳದ ರೇಣುಕಾ ಎಂಬ ಬ್ಯಾಂಕ್ ಉದ್ಯೋಗಿ ನಾಯಿಯೊಂದಿಗೆ ಬಾಡಿಗೆಗಿದ್ದಳು. ಕೆಳಗೆ ಶಿವಪ್ಪ ಮತ್ತು ಅವನ ತಾಯಿ ಗಂಗವ್ವ. ಲಿಂಗಪೂಜೆಯ ಮನೆಗೆ ನಾಯಿ ಸಲ್ಲದು, ಖಾಲಿ ಮಾಡಿಸು ಎಂದು ಓಣಿಗೆಲ್ಲ ಕೇಳುವಂತೆ ಕೂಗಾಡುತ್ತಿದ್ದವಳು ಗಂಗವ್ವ.

ಒಂದು ದಿನ ಶಿವಪ್ಪ ಬಂದು, ನಾಯಿಗೆ ಹುಚ್ಚು ಹಿಡಿದಿದೆ ಎಂದ. ಇದೂ ಸರ್ಟಿಫಿಕೇಟಿನ ನಾಟಕ ಎಂದುಕೊಂಡೇ ಹೋದೆ. ನಾಯಿಯ ದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತಿತ್ತು. ರೇಬಿಸ್ ಲಕ್ಷಣ. ಮನೆಯೊಳಗಿರುವ ನಾಯಿಗೆ ಲಸಿಕೆ ಯಾಕೆಂದು ರೇಣುಕಾ ಹಾಕಿಸಿರಲಿಲ್ಲ. ಹಿಂದೊಮ್ಮೆ ತಪ್ಪಿಸಿಕೊಂಡು ಹೊರಗೋಡಿದಾಗ ಬೀದಿನಾಯಿ ಕಚ್ಚಿತ್ತಂತೆ.

ಯಾರಿಗೆ ಹಲ್ಲು, ಜೊಲ್ಲು ತಗುಲಿದೆ ಎಂದು ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಕೇಳಿದೆ. ರೇಣುಕಾ ಅಳುತ್ತ ಕೈ ತೋರಿಸಿದಳು. ಸೋಪು ಹಚ್ಚಿ ತೊಳೆಸಿ ತಾಲೂಕು ಆಸ್ಪತ್ರೆಗೆ ಕಳಿಸಿದೆ. ಇಂಜೆಕ್ಷನ್‌ಗಳಿಂದ ಆಕೆ ಬದುಕಿದಳು. ಗಂಗವ್ವ ಮಾತ್ರ ಕೇಳಿದ್ದಕ್ಕೇ ಉರಿದುಬಿದ್ದಳು.

“ಲಿಂಗಾ ಹಿಡಿಯೋ ಕೈ ಅದಾವ್ರಿ ಇವು. ಆ ನಾಯಿ ನೆಳ್ಳರ ಮುಟ್ಟೇನೇನು ನಾ?”

ನೆರೆಯವರು ನಕ್ಕರು. ಅನುಮಾನಪಡಲು ಯಾರಿಗೂ ಕಾರಣವಿರಲಿಲ್ಲ. ನಾಯಿ ಮರುದಿನ ಸತ್ತಿತು, ಜಗಳವೂ ಮುಗಿಯಿತು.

ತಿಂಗಳು ಕಳೆದ ಮೇಲೆ ಶಿವಪ್ಪ ಓಡುತ್ತ ಬಂದ. “ಸಾಹೇಬ್ರ, ಅವ್ವಗ ಪಾದೋದಕ ತಗೊಳ್ಳಾಕ ಆಗವಲ್ದು. ನೀರು ಬಾಯಿ ಹತ್ರ ಒಯ್ದ್ರ ಗಂಟಲಾ ಹಿಡಕೊಂಡು ಒದ್ದಾಡಾಕತ್ತಾಳ್ರಿ.”

ಪೂಜೆಯ ಆ ತೀರ್ಥ ಕುಡಿಯದೆ ಗಂಗವ್ವ ಎಂದೂ ಊಟ ಮಾಡಿದವಳಲ್ಲ. ಶಿವಪ್ಪನ ಜೊತೆಗೇ ಅವನ ಮನೆಗೆ ಓಡಿದೆ. ನೀರು ಕಂಡರೆ ಗಂಟಲು ಹಿಡಿಯುವ ಹಂತಕ್ಕೆ ಬಂದ ರೇಬಿಸ್‌ಗೆ ಮದ್ದಿಲ್ಲ.

ವಿಜಯಪುರಕ್ಕೆ ಒಯ್ಯಲು ಗಾಡಿ ತರಿಸಿ, ಮಗನನ್ನು ಹೊರಗೆ ನಿಲ್ಲಿಸಿ, ಗಂಗವ್ವನನ್ನು ಮೆಲ್ಲಗೆ ಕೇಳಿದೆ.

“ಆಕಿ ಬ್ಯಾಂಕಿಗೆ ಹ್ವಾದ ಮ್ಯಾಲ ಮೆಟ್ಟಲ ಗೇಟಿನಾಗಿಂದ ದಿನಾ ಚೂರು ರೊಟ್ಟಿ ಹಾಕತಿದ್ನೆಪ್ಪಾ. ಮೂಕಜೀವ, ದಾರಿ ಕಾಯ್ತಿತ್ತು. ಕಡೀಕ ಬೆರಳಿಗಿ ಹಲ್ಲು ತಗಲ್ತು. ಓಣಿ ಮುಂದ ಅಷ್ಟ ಬೈದಾಕಿ ಹೆಂಗ ಹೇಳ್ಲಿ?”

ಗಂಗವ್ವ ಉಳಿಯಲಿಲ್ಲ. ಅವಮಾನಕ್ಕೆ ಹೆದರಿ ಪ್ರಾಣ ಕೊಟ್ಟ ಆ ಮುದುಕಿಯ ಮೇಲೆ ನನಗೆ ಸಿಟ್ಟೂ ಬಂತು, ಅಳುವೂ ಬಂತು.

ನಿವೃತ್ತಿಯಾಗುವವರೆಗೆ ಮತ್ತೆಂದೂ ಯಾರಿಗೆ ಹಲ್ಲು ತಗುಲಿದೆ ಎಂಬ ಆ ಪ್ರಶ್ನೆಯನ್ನು ನಾಲ್ಕು ಜನರ ಮುಂದೆ ಕೇಳಲಿಲ್ಲ. ಒಬ್ಬೊಬ್ಬರನ್ನೇ ಒಳಗೆ ಕರೆದು, ಬಾಗಿಲು ಹಾಕಿ ಕೇಳುತ್ತಿದ್ದೆ. ನಾಯಿಯನ್ನು ಎಲ್ಲರಿಗಿಂತ ಹೆಚ್ಚು ಬೈಯುವವರನ್ನೇ ಮೊದಲು ಕರೆಯುತ್ತಿದ್ದೆ.